ಕಟಗಿ ಪಜಲ್ ತುಣುಕು ಕೂಡವಲ್ದು: ಸ್ಕ್ರೋಲ್ ಸಾ ದೋಷ ಎಲ್ಲಿಂದ ಹುಡುಕಬೇಕು

ಸ್ಕ್ರೋಲ್ ಸಾ (ಸಣ್ಣ ಬ್ಲೇಡ್ ಮ್ಯಾಲ ಕೆಳಗ ಆಡಿಸಿ ಕಟಗಿ ಕೊಯ್ಯೋ ಮಷೀನ್) ಮ್ಯಾಲ ಪಜಲ್ ಕೊಯ್ದು ಮುಗಿಸಿದ್ರಿ, ತುಣುಕೆಲ್ಲ ಕೈಗಿ ಬಂದ್ವು, ಆದ್ರ ತಿರುಗಿ ಕೂಡಿಸ್ಲಿಕ್ಕ ಹೋದ್ರ ಕೂಡವಲ್ವು. ಇಲ್ಲಾ ಕೂಡ್ತಾವ, ಆದ್ರ ಎತ್ತಿದ ಕೂಡ್ಲೇ ಪಟಪಟ ಉದುರ್ತಾವ. ಇಲ್ಲಾ ಅಂಚು ಕರ್ರಗ ಸುಟ್ಟಿರ್ತದ, ಬೆನ್ನಿಗಿ ಸಿಬರು ಎದ್ದಿರ್ತದ, ಬ್ಲೇಡ್ ಮ್ಯಾಲ ಬ್ಲೇಡ್ ಮುರೀತಿರ್ತದ. ಇಂಥಾ ಟೈಮಿನ್ಯಾಗ ಭಾಳ ಮಂದಿ ಸೀದಾ ಮಷೀನಿಗಿ ಕೈ ಹಾಕ್ತಾರ, ಸಿಕ್ಕ ಸ್ಕ್ರೂ ಎಲ್ಲಾ ತಿರುವ್ತಾರ, ಆಮ್ಯಾಲ ಯಾವ ಸ್ಕ್ರೂ ಮೊದಲ ಎಲ್ಲಿತ್ತು ಅಂಬೋದೇ ಗೊತ್ತಾಗಂಗಿಲ್ಲ, ಇದ್ದ ಒಂದು ದೋಷದ ಜೋಡಿ ಇನ್ನೆರಡು ಹೊಸಾವು ಸೇರ್ಕೊತಾವ.

ನಾ ಹೇಳೋದು ಒಂದೇ ಮಾತು. ಸ್ಕ್ರೂ ಡ್ರೈವರ್ ಹಿಡಿಯೋಕಿಂತ ಮೊದಲ ಕೊಯ್ದ ತುಣುಕು ಹಿಡೀರಿ. ಅದು ಯಾವ ಕಡೀಗಿ ಜಾರ್ತದ, ಎಲ್ಲಿ ಸುಟ್ಟದ, ಅಂಚು ಸೀದಾ ಅದನೋ ಹೊಟ್ಟಿ ಬಂದದನೋ, ಇಷ್ಟು ನೋಡಿದ್ರ ಹತ್ತರಾಗ ಎಂಟು ಸಲ ದೋಷ ಎಲ್ಲಿ ಅದ ಅಂತ ಮಷೀನ್ ಬಿಚ್ಚದೇನೇ ತಿಳೀತದ. ಪಜಲ್ ಕೆಲಸದಾಗ ಮೋಟಾರ್ ಕೆಟ್ಟು ತೊಂದ್ರಿ ಆಗೋದು ಕಮ್ಮಿ, ಬ್ಲೇಡ್ ಮತ್ತ ಪ್ಲೈ ನಡುವ ಆಗೋ ತೊಂದ್ರಿನೇ ಜಾಸ್ತಿ.

ಇಲ್ಲಿ ಹೇಳಿದ್ದೆಲ್ಲ ಮನ್ಯಾಗ ಇಟ್ಕೊಳ್ಳೋ 16 ಇಂಚಿನ ಸ್ಕ್ರೋಲ್ ಸಾ, 5 ಇಂಚಿನ ಪಿನ್ ಇಲ್ಲದ (ತುದಿಗಿ ಅಡ್ಡ ಕಡ್ಡಿ ಇರಲಾರದ) ಬ್ಲೇಡ್, 6 ಎಂಎಂ ಪ್ಲೈ, ಇವು ಮೂರಕ್ಕ ಲೆಕ್ಕ ಹಿಡಿದು ಹೇಳಿದ್ದು. ಪರೀಕ್ಷಾಕ್ಕ ಅದೇ ಪ್ಲೈದು ವೇಸ್ಟ್ ತುಂಡೇ ಬೇಕು, ಬ್ಯಾರೆ ಪ್ಲೈ ತಗೊಂಡ್ರ ಲೆಕ್ಕ ತಪ್ತದ. ಒಂದು ಸಲಕ್ಕ ಒಂದೇ ಬದಲಿಸ್ರಿ, ಒಂದು ಸಣ್ಣ ಗುಂಡಿ (ತುಣುಕು ಒಂದಕ್ಕೊಂದು ಬೀಗ ಹಾಕೋ ಗುಂಡನ ತಲಿ) ಕೊಯ್ದು ನೋಡ್ರಿ, ಆಮ್ಯಾಲ ಮುಂದಿನದು. ಬ್ಲೇಡಿಗಿ ಕೈ ಹಚ್ಚೋಕಿಂತ ಮೊದಲ ಪ್ಲಗ್ ತಗೀರಿ, ಸ್ವಿಚ್ ಆಫ್ ಅದ ಅಂತ ನೆಚ್ಚಬ್ಯಾಡ್ರಿ.

ಒಂದೇ ಕಡೆಯಿಂದ ಬರ್ತದ, ಇನ್ನೊಂದು ಕಡೆಯಿಂದ ಹೋಗಂಗಿಲ್ಲ

ಎಲ್ಲಕ್ಕೂ ಹೆಚ್ಚು ಬರೋ ತಕರಾರು ಇದೇ. ತುಣುಕು ಮ್ಯಾಲಕ್ಕ ಎತ್ತಿದ್ರ ಸಲೀಸ ಬರ್ತದ, ಕೆಳಗ ಒತ್ತಿದ್ರ ಕಲ್ಲಿನಂಗ ಕುಂದರ್ತದ, ಇಲ್ಲಾ ಉಲ್ಟಾ. ಇದು ಕಂಡ್ರ ಬ್ಯಾರೆ ಏನೂ ನೋಡೋದು ಬ್ಯಾಡ, ಬ್ಲೇಡ್ ಮತ್ತ ಟೇಬಲ್ (ಪ್ಲೈ ಇಟ್ಟು ಕೊಯ್ಯೋ ಮಷೀನಿನ ಹಾಸು) ನಡುವ 90 ಡಿಗ್ರಿ ಇಲ್ಲ. ಟೇಬಲ್ ಎಡಕ್ಕೋ ಬಲಕ್ಕೋ ಜರಾ ವಾಲಿದ್ರ ತುಣುಕಿನ ಸುತ್ತ ಕೊಯ್ದ ಗೆರಿ ಪೂರ್ತಿ ಒಂದೇ ಕಡೀಗಿ ಇಳಿಜಾರು ಆಗ್ತದ, ತುಣುಕು ಬಾಟ್ಲಿ ಬೂಚಿನಂಗ ಒಂದು ಕಡೆ ದಪ್ಪ ಒಂದು ಕಡೆ ಸಣ್ಣ ಆಗ್ತದ.

ಇದ್ರಾಗ ಇನ್ನೊಂದು ತರಾ ಅದ, ಅದು ಭಾಳ ಮಂದೀನ ದಾರಿ ತಪ್ಪಸ್ತದ. ಒಂದೊಂದೇ ತುಣುಕು ಸುತ್ತಿ ಕೊಯ್ಯೋರಿಗಿ ಮ್ಯಾಲಿನಂಗ ಬೂಚು ಆಗ್ತದ. ಆದ್ರ ಮೊದಲ ಉದ್ದ ಪಟ್ಟಿ ಕೊಯ್ದು ಆಮ್ಯಾಲ ಅಡ್ಡ ಕೊಯ್ಯೋರಿಗಿ ಅಂಚಿನ ತುಣುಕು ಛಲೋ ಬಿಡ್ತಾವ, ನಡುವಿನ ತುಣುಕು ಮಾತ್ರ ಮ್ಯಾಲಕ್ಕೂ ಬರಂಗಿಲ್ಲ ಕೆಳಗೂ ಹೋಗಂಗಿಲ್ಲ. ಯಾಕಂದ್ರ ಎರಡೂ ಗೆರಿ ಒಂದೇ ದಿಕ್ಕಿಗಿ ಕೊಯ್ದಿರ್ತಾರ, ಒಂದು ಗೆರಿ ತುಣುಕಿಗಿ ಮ್ಯಾಲ ಹೋಗು ಅಂತದ, ಇನ್ನೊಂದು ಗೆರಿ ಕೆಳಗ ಹೋಗು ಅಂತದ, ನಡುವ ಅದು ಸಿಗಿಬೀಳ್ತದ. ಮಂದಿ ಏನು ತಿಳ್ಕೊತಾರ, ಬ್ಲೇಡ್ ಭಾಳ ಸಣ್ಣದಾಗ್ಯದ ಅಂತ ತಿಳ್ಕೊಂಡು ದಪ್ಪ ಬ್ಲೇಡ್ ಹಾಕ್ತಾರ. ಆಗ ತುಣುಕು ಬಿಡ್ತಾವ ಖರೆ, ಆದ್ರ ಪಜಲ್ ಲೂಸ್ ಆಗಿ ಹೋಗ್ತದ. ಕಾರಣ ಬ್ಯಾರೆ, ಔಷಧ ಬ್ಯಾರೆ ಆಯ್ತಲ್ಲ.

ಎಷ್ಟು ವಾಲಿದ್ರ ಎಷ್ಟು ಫರಕ ಬೀಳ್ತದ ಅಂಬೋದು ಲೆಕ್ಕ ಹಾಕಿ ನೋಡ್ರಿ. 6 ಎಂಎಂ ಪ್ಲೈದಾಗ 1 ಡಿಗ್ರಿ ವಾಲಿದ್ರ ಮ್ಯಾಲಿನ ಅಂಚಿಗೂ ಕೆಳಗಿನ ಅಂಚಿಗೂ 0.1 ಎಂಎಂ ಫರಕ. ಸಣ್ಣ ಬ್ಲೇಡ್ ಬಿಡೋ ಸಂದಿನೇ ಸುಮಾರು 0.3 ಎಂಎಂ, ಅಂದ್ರ ಅದ್ರಾಗ ಮೂರನೇ ಒಂದು ಪಾಲು ಹೋಯ್ತು. 3 ಡಿಗ್ರಿ ವಾಲಿದ್ರ ಇಡೀ ಸಂದಿನೇ ಹೋಗ್ತದ, ತುಣುಕು ಒಂದು ಕಡೀಗಿ ಪೂರಾ ಬಂದ್. 18 ಎಂಎಂ ದಪ್ಪ ಕಟಗಿ ತಗೊಂಡ್ರಂತೂ 1 ಡಿಗ್ರಿ ಸಾಕು, ಅಷ್ಟರಾಗೇ 0.3 ಎಂಎಂ ಹೋಗ್ತದ. ಕಣ್ಣಿಗಿ 1 ಡಿಗ್ರಿ ಕಾಣಂಗಿಲ್ಲ, ಅದಕ್ಕ ಕಣ್ಣಳತಿ ನೆಚ್ಚಬಾರದು.

ಟೇಬಲ್ ಕೆಳಗಿನ ಡಿಗ್ರಿ ಸ್ಕೇಲೂ ನೆಚ್ಚಬಾರದು. ಭಾಲ್ಕಿ ಕಡೆಯ ಒಬ್ಬ ಹುಡುಗ ಫೋನ್ ಮಾಡಿದ್ದ. "ಕಾಕಾ, ಮುಳ್ಳು ಏಕದಂ ಸೊನ್ನಿ ಮ್ಯಾಲೇ ಅದ, ಆದ್ರೂ ತುಣುಕು ಒಂದೇ ಕಡೆ ಬರ್ತಾವ." ನಾ ಅಂದೆ, "ಮುಳ್ಳು ಸೊನ್ನಿಗಿ ಇದ್ರ ಇರ್ಲಿ ಬಿಡಪಾ, ಒಂದು ದಪ್ಪ ಕಟಗಿ ತಗೊಂಡು ಹಿಂದಿನಿಂದ ಬ್ಲೇಡಿಗಿ ತೋರ್ಸು." ಆ ಪರೀಕ್ಷಾ ಹೆಂಗಂದ್ರ, ಒಂದೂವರಿ ಇಂಚು ದಪ್ಪದ ವೇಸ್ಟ್ ಕಟಗಿ ತಗೋರಿ, ಬ್ಲೇಡಿಗಿ ಹಿಡಿದು 2-3 ಎಂಎಂ ಒಳಗ ಕೊಯ್ದು ಹಿಂದಕ್ಕ ಸರಿಸ್ರಿ, ಮಷೀನ್ ಬಂದ್ ಮಾಡಿ ಪ್ಲಗ್ ತಗೀರಿ. ಈಗ ಕಟಗಿ ಮಗಚಬ್ಯಾಡ್ರಿ, ಟೇಬಲ್ ಮ್ಯಾಲೇ ಜಾರಿಸಿ ಸುತ್ತು ತಿರುಗಿಸ್ಕೋತ ಬ್ಲೇಡಿನ ಹಿಂದಕ್ಕ ತಗೊಂಡು ಹೋಗಿ, ಅದೇ ಗೀಟು ಬ್ಲೇಡಿನ ಬೆನ್ನಿಗಿ ಹೊಂದಿಸ್ರಿ. ಬೆನ್ನು ಮ್ಯಾಲಿಂದ ಕೆಳಗಿನ ತನಕ ಗೀಟಿನ ಒಳಗ ಸಲೀಸ ಹೊಕ್ರ 90 ಡಿಗ್ರಿ ಸರಿ ಅದ. ಮ್ಯಾಲ ಹೊಕ್ಕು ಕೆಳಗ ಹೊಗದಿದ್ರ, ಇಲ್ಲಾ ಬ್ಲೇಡು ಗೀಟು ಎರಡೂ ಕತ್ತರಿ ಹಾಕಿದಂಗ ಕಂಡ್ರ, ಟೇಬಲ್ ವಾಲ್ಯದ. ಅಲ್ಲಿ ಕಾಣೋ ಫರಕ ಖರೇ ತಪ್ಪಿನ ಎರಡರಷ್ಟು ಇರ್ತದ, ಅದಕ್ಕ ಟೇಬಲ್ ಅದರ ಅರ್ಧದಷ್ಟೇ ಸರಿಸ್ರಿ. ಬಡಿಗ್ಯಾರ ಹತ್ರ ಇರೋ, 90 ಡಿಗ್ರಿ ನೋಡೋ ದೊಡ್ಡ ಗುಣಿಯಾ ಇಷ್ಟು ಸಣ್ಣ ಬ್ಲೇಡಿಗಿ ಹಿಡೀಲಿಕ್ಕ ಬರಂಗಿಲ್ಲ, ಈ ಕಟಗಿ ತಿರುವೋ ಪರೀಕ್ಷಾನೇ ಛಲೋ, ಖರ್ಚೂ ಇಲ್ಲ. ಒಂದು ಮಾತು ನೆನಪಿರ್ಲಿ, ಟೇಬಲ್ ನಾಬ್ ಬಿಗಿ ಮಾಡುವಾಗ ಟೇಬಲ್ ತಂತಾನೇ ಜರಾ ಸರೀತದ, ಬಿಗಿ ಮಾಡಿದ ಮ್ಯಾಲ ಇನ್ನೊಂದು ಸಲ ಪರೀಕ್ಷಾ ಮಾಡ್ಲೇಬೇಕು.

ಆ ಹುಡುಗಂದು ಟೇಬಲ್ ಖರೇನೇ ವಾಲಿತ್ತು. ಸ್ಕೇಲಿನ ಸೊನ್ನಿ ತಪ್ಪು ಜಾಗಾಕ್ಕ ಅಂಟಿತ್ತು ಅಷ್ಟೇ. ಪರೀಕ್ಷಾ ಮಾಡಿ ಸರಿ ಬಂದ ಮ್ಯಾಲ ಮಾರ್ಕರ್ ತಗೊಂಡು ನಿಮ್ಮದೇ ಸೊನ್ನಿ ಗೀಟು ಹಾಕ್ಕೊಂಡು ಬಿಡ್ರಿ.

ಟೇಬಲ್ ಸರಿ ಅದ, ಆದ್ರೂ ತಿರುವಿನ್ಯಾಗ ಬಿಗಿ

ತುಣುಕಿನ ಅಂಚಿಗಿ ಸ್ಟೀಲ್ ಪಟ್ಟಿ ಹಚ್ಚಿ ಬೆಳಕಿಗಿ ಹಿಡೀರಿ, ಹಿಂದ ಮೊಬೈಲ್ ಟಾರ್ಚ್ ಇದ್ರ ಇನ್ನೂ ಛಲೋ ಕಾಣ್ತದ. ಬೆಳಕು ಒಂದೇ ತುದಿಗಿ ಬಂದ್ರ ಮ್ಯಾಲ ಹೇಳಿದ ಟೇಬಲ್ ತಕರಾರು. ನಡುವ ಹೊಟ್ಟಿ ಬಂದು ಎರಡೂ ತುದಿಗಿ ಬೆಳಕು ಕಂಡ್ರ, ಇಲ್ಲಾ ನಡುವ ತಗ್ಗಾಗಿ ಅಲ್ಲೇ ಬೆಳಕು ಕಂಡ್ರ, ಬ್ಲೇಡ್ ಕೊಯ್ಯುವಾಗ ಬಿಲ್ಲಿನಂಗ ಬಾಗ್ಯದ ಅಂತ ತಿಳೀರಿ. ಸೀದಾ ಗೆರಿಯಾಗ ಇದು ಇರಂಗಿಲ್ಲ, ಗುಂಡಿ ಸುತ್ತುವಾಗ ಮಾತ್ರ ಬರ್ತದ, ಅದೇ ಇದರ ಗುರ್ತು.

ಕಾರಣ ಎರಡು. ಒಂದು ಟೆನ್ಷನ್, ಅಂದ್ರ ಬ್ಲೇಡಿನ ಬಿಗಿತ, ಕಮ್ಮಿ. ಬ್ಲೇಡಿನ ನಡುವ ಬೆರಳಿಂದ ಪಕ್ಕಕ್ಕ ಒತ್ತಿ ನೋಡ್ರಿ, 3 ಎಂಎಂಕಿಂತ ಹೆಚ್ಚು ಸರೀಬಾರದು. ಉಗುರಿಂದ ಮೀಟಿದ್ರ ಟಿಣ್ ಅಂತ ಏರು ದನಿ ಬರಬೇಕು, ದಬ್ ಅಂದ್ರ ಸಡಿಲ ಅದ. ಹೊಸ ಬ್ಲೇಡ್ ಹಾಕಿ ಜರಾ ಹೊತ್ತು ಕೊಯ್ದ ಮ್ಯಾಲ ಇನ್ನೊಂದು ಸಲ ಮೀಟಿ ನೋಡ್ರಿ, ಬಿಸಿ ಆದ ಮ್ಯಾಲ ಬ್ಲೇಡ್ ಸಡಿಲ ಆಗಿರ್ತದ. ಎರಡನೇ ಕಾರಣ ಕೈ. ಗುಂಡಿ ತಿರುವುವಾಗ ಪ್ಲೈ ಪಕ್ಕಕ್ಕ ದಬ್ಬಬಾರದು, ಬ್ಲೇಡ್ ಇದ್ದಲ್ಲೇ ಇಟ್ಟು ಅದರ ಸುತ್ತ ಪ್ಲೈ ತಿರುಗಿಸಬೇಕು. ಮಷೀನಿನ ಮುಂದ ನಿಂತು ನಿಮ್ಮ ಬೆರಳು ನೋಡ್ಕೋರಿ, ತಿರುವಿನ್ಯಾಗ ಉಗುರು ಬೆಳ್ಳಗಾಗಲತ್ತಾವ ಅಂದ್ರ ಒತ್ತಡ ಹೆಚ್ಚಾಗ್ಯದ.

ಬ್ಲೇಡ್ ಮುರಿದ ಜಾಗಾ ನೋಡ್ರಿ

ಮುರಿದ ಬ್ಲೇಡ್ ಕಸದ ಬುಟ್ಟಿಗಿ ಒಗಿಯೋಕಿಂತ ಮೊದಲ ಎಲ್ಲಿ ಮುರದದ ಅಂತ ನೋಡ್ರಿ. ನಡುವ ಮುರಿದ್ರ ಮೊಂಡಾಗ್ಯದ, ಇಲ್ಲಾ ಮುಂದಕ್ಕ ಭಾಳ ದಬ್ಬಲತ್ತೀರಿ, ಇಲ್ಲಾ ತಿರುವಿನ್ಯಾಗ ಬ್ಲೇಡ್ ತಿರುಚಲತ್ತೀರಿ. ಕ್ಲ್ಯಾಂಪ್ (ಬ್ಲೇಡಿನ ತುದಿ ಕಚ್ಚಿ ಹಿಡಿಯೋ ಹಿಡಿಕಿ) ಹತ್ರ ಮುರಿದ್ರ ಟೆನ್ಷನ್ ಹೆಚ್ಚಾಗ್ಯದ, ಇಲ್ಲಾ ಮ್ಯಾಲಿನ ಕ್ಲ್ಯಾಂಪು ಕೆಳಗಿನ ಕ್ಲ್ಯಾಂಪು ಒಂದೇ ಲೈನಿನ್ಯಾಗ ಇಲ್ಲ. ಇದನ್ನ ನೋಡ್ಲಿಕ್ಕ ಬ್ಲೇಡ್ ಕಟ್ಟಿ, ಟೆನ್ಷನ್ ಕೊಡದೇ, ಮುಂದಿನಿಂದ ನೋಡ್ರಿ. ಹಲ್ಲು ಮ್ಯಾಲ ನಿಮ್ಮ ಕಡೆ, ಕೆಳಗ ಪಕ್ಕದ ಕಡೆ ನೋಡಲತ್ತಾವ ಅಂದ್ರ ಬ್ಲೇಡ್ ತಿರುಚಿ ಕುಂತದ.

ಮುರೀದೇ ಕ್ಲ್ಯಾಂಪಿನಿಂದ ಜಾರಿ ಬರೋದು ಬ್ಯಾರೆ ತಕರಾರು. ಬ್ಲೇಡಿಗಿ ಜಂಗ್ ಹಿಡೀಬಾರದು ಅಂತ ಎಣ್ಣಿ ಹಚ್ಚಿರ್ತಾರ, ಆ ಎಣ್ಣಿನೇ ಜಾರಸ್ತದ. ಎರಡೂ ತುದಿ ಥಿನ್ನರ್ ಹಚ್ಚಿದ ಅರಿವಿಯಿಂದ ಒರಸ್ರಿ, 220 ನಂಬರ್ ಪಾಲಿಶ್ ಪೇಪರಿಂದ ಜರಾ ತಿಕ್ರಿ, ಭಾಳ ಸಲ ಇಷ್ಟರಾಗೇ ಮುಗೀತದ. ಆದ್ರೂ ಜಾರಿದ್ರ ಕ್ಲ್ಯಾಂಪಿನ ಸ್ಕ್ರೂ ಬಿಚ್ಚಿ ತುದಿ ನೋಡ್ರಿ, ಅದು ಗುಂಡಗಾಗಿ ಹೊಳೀಲತ್ತದ ಅಂದ್ರ ಕಾನಸಿಂದ ಸಪಾಟ ಮಾಡ್ರಿ, ಇಲ್ಲಾ ಹೊಸಾದು ಹಾಕ್ರಿ. ಕೈಯಿಂದ ಬಿಗಿ ಮಾಡೋ ನಾಬಿಗಿ ಪಕ್ಕಡ್ ಹಚ್ಚಿ ತಿರುವಬ್ಯಾಡ್ರಿ, ಚೂಡಿ ಹೋದ್ರ ಇಡೀ ಕ್ಲ್ಯಾಂಪ್ ಹೋದಂಗೇ.

ಲೂಸ್ ಆಗ್ಯದ, ಎತ್ತಿದ್ರ ಉದುರ್ತದ

ಇಲ್ಲಿ ಮೊದಲ ಕೇಳಬೇಕಾದ್ದು ಯಾವ ನಂಬರ್ ಬ್ಲೇಡ್ ಅಂತ. 2/0 ನಂಬರ್ ಬ್ಲೇಡ್ ದಪ್ಪ ಸುಮಾರು 0.25 ಎಂಎಂ, 5 ನಂಬರಿಂದು ಸುಮಾರು 0.4 ಎಂಎಂ, ಕಂಪನಿ ಕಂಪನಿಗಿ ಜರಾ ಫರಕ ಇರ್ತದ. ಮಷೀನ್ ಜೋಡಿ ಬರೋ ಪಿನ್ ಇರೋ ಬ್ಲೇಡ್ ಇನ್ನೂ ದಪ್ಪ, ಅದ್ರಾಗ ಪಜಲ್ ಮಾಡಿದ್ರ ಲೂಸ್ ಆಗೋದೇ. ಪಜಲಿಗಿ 2/0 ಇಲ್ಲಾ 1 ನಂಬರ್ ಹಾಕ್ರಿ, ಮಷೀನ್ ಪಿನ್ ಬ್ಲೇಡಿಂದೇ ಇದ್ರ ಪಿನ್ ಇಲ್ಲದ ಬ್ಲೇಡಿಗಿ ಅಡಾಪ್ಟರ್ ಸಿಗ್ತದ. ಬ್ಲೇಡ್ ಸಣ್ಣದಿದ್ರೂ ಸಂದಿ ದೊಡ್ಡದು ಬರಲತ್ತದ ಅಂದ್ರ ಮ್ಯಾಲಿನ ತೋಳು ಹಿಡಿದು ಪಕ್ಕಕ್ಕ ಅಲ್ಲಾಡಿಸಿ ನೋಡ್ರಿ. ಕಟಕಟ ಅಂತ ಆಡಿದ್ರ ತೋಳಿನ ಬೇರಿಂಗ್ ಸವದದ, ಬ್ಲೇಡ್ ಮ್ಯಾಲ ಕೆಳಗ ಹೋಗೋ ಜೋಡಿ ಪಕ್ಕಕ್ಕೂ ಕುಣೀತದ, ಸಂದಿ ಅಗಲ ಆಗ್ತದ. ಕೊಯ್ದ ಮ್ಯಾಲ ಅಂಚೆಲ್ಲ ಪಾಲಿಶ್ ಪೇಪರಿಂದ ತಿಕ್ಕೋ ಚಟ ಇದ್ರೂ ಇದೇ ಆಗ್ತದ. ಪಜಲಿಗಿ ಮ್ಯಾಲಿನ ಮೈ, ಕೆಳಗಿನ ಮೈ ತಿಕ್ಕಿದ್ರ ಸಾಕು, ಅಂಚಿಗಿ ಕೈ ಹಚ್ಚಬಾರದು. ಜರಾ ಲೂಸ್ ಆಗಿದ್ದಕ್ಕ ಅಂಚಿಗಿ ಅರಗಿನ ಪಾಲಿಶ್ ತೆಳ್ಳಗ ಒಂದೆರಡು ಕೋಟ್ ಹಚ್ಚಿದ್ರ ಸಂದಿ ಕಮ್ಮಿ ಆಗ್ತದ, ಭಾಳ ಲೂಸ್ ಆದ್ರ ಅದೂ ನಡ್ಯಂಗಿಲ್ಲ.

ಆದ್ರ ಬ್ಲೇಡ್, ತೋಳು ಎಲ್ಲಾ ಸರಿ ಇದ್ದೂ ಒಂದೇ ಒಂದು ತುಣುಕು ಬೀಳ್ತದ ಅಂದ್ರ ಡಿಸೈನ್ ನೋಡ್ರಿ. ಇದಕ್ಕ ನಮ್ಮ ಕಡೆಯ ಉದಾಹರಣಿನೇ ಅದ. ಅಂಗನವಾಡಿ ಮಕ್ಕಳಿಗಿ ಅಂತ ಕರ್ನಾಟಕ ನಕಾಶೆ ಪಜಲ್ ಮಾಡೋರು ಜಿಲ್ಲಾ ಗಡಿ ಹಿಡಿದು 31 ತುಣುಕು ಕೊಯ್ತಾರ. ಅದ್ರಾಗ ಬೀದರ್ ತುಣುಕು ನಿಲ್ಲಂಗಿಲ್ಲ. ಯಾದಗಿರಿ ನಿಲ್ತದ, ಅದಕ್ಕ ಕಲಬುರಗಿ, ವಿಜಯಪುರ, ರಾಯಚೂರು ಮೂರು ಕಡೆ ಹಿಡಿತ ಅದ. ಬೀದರಕ್ಕ ರಾಜ್ಯದ ಒಳಗ ತಾಗೋದು ಕಲಬುರಗಿ ಒಂದೇ, ಉಳಿದ ಗಡಿ ಎಲ್ಲಾ ಮಹಾರಾಷ್ಟ್ರ ಮತ್ತ ತೆಲಂಗಾಣದ್ದು, ಪಜಲಿನ್ಯಾಗ ಅದು ಬಯಲು. ಮ್ಯಾಲಿನ ತುದಿಗಿ ಕಿರೀಟದಂಗ ಕುಂತಿರ್ತದ, ಬೋರ್ಡ್ ಎತ್ತಿದ್ರ ಮೊದಲ ಬೀಳೋದು ಅದೇ. ಇದಕ್ಕ ಎಷ್ಟು ಸಣ್ಣ ಬ್ಲೇಡ್ ಹಾಕಿದ್ರೂ ಉಪಯೋಗ ಇಲ್ಲ, ಗಡಿ ಗೆರಿಯಾಗ ಬೀಗ ಅಂಬೋದೇ ಇಲ್ಲಲ್ಲ. ಜಿಗ್‌ಸಾ ಪಜಲ್ ಶುರು ಆಗಿದ್ದೇ ಹಿಂಗ. 1760ರ ದಶಕದಾಗ ಲಂಡನ್ನಿನ ಜಾನ್ ಸ್ಪಿಲ್ಸ್‌ಬರಿ ನಕಾಶೆ ಹಲಗಿಗಿ ಅಂಟಿಸಿ ದೇಶದ ಗಡಿ ಹಿಡಿದೇ ಕೊಯ್ತಿದ್ದ, ಅವು ಒಂದಕ್ಕೊಂದು ಬಾಜೂಕ ಇಡೋ ತುಣುಕು, ಈಗಿನಂಗ ಗುಂಡಿಯಿಂದ ಬೀಗ ಹಾಕ್ತಿದ್ದಿಲ್ಲ.

ಉಪಾಯ ಎರಡು. ಬೀದರ್ ಕಲಬುರಗಿ ನಡುವಿನ ಗಡಿಯಾಗ ಚಿಂಚೋಳಿ ಕಡೆ ಒಂದು, ಆಳಂದ ಕಡೆ ಒಂದು ಗುಂಡಿ ಇಡ್ರಿ, ಗಡಿ ಗೆರಿ ಪೇಂಟಿನ್ಯಾಗ ಸರಿ ತೋರಿಸಿ ಕೊಯ್ಯೋ ಗೆರಿ ಮಾತ್ರ ಗುಂಡಿ ಹಿಡಿದು ಹೋಗ್ಲಿ. ಇಲ್ಲಾ ನಕಾಶೆ ಸುತ್ತಿನ ಚೌಕಟ್ಟು ಉಳಿಸ್ಕೊಂಡು ಒಳಗಿಂದ ಕೊಯ್ದು, ಕೆಳಗ 3 ಎಂಎಂ ಹಲಗಿ ಅಂಟಿಸಿ ಟ್ರೇ ಮಾಡ್ರಿ. ಸಣ್ಣ ಮಕ್ಕಳಿಗಿ ಟ್ರೇನೇ ಛಲೋ. ಟ್ರೇ ಒಳಗಿಂದ ಶುರು ಮಾಡ್ಲಿಕ್ಕ 1 ಎಂಎಂ ಡ್ರಿಲ್ ಬಿಟ್ಟಿಂದ ತೂತು ಹಾಕ್ಬೇಕು, ತೂತು ಗಡಿ ಮೂಲಿಯಾಗ ಬಂದ್ರ ಕಣ್ಣಿಗಿ ಬೀಳಂಗಿಲ್ಲ. ನಕಾಶೆ ತಗೊಳ್ಳುವಾಗ ಹಳೇದು ತಗೋಬ್ಯಾಡ್ರಿ, ಯಾದಗಿರಿ 30ನೇ ಜಿಲ್ಲಾ, 2021ರಾಗ ಬಳ್ಳಾರಿಯಿಂದ ಬ್ಯಾರೆ ಆದ ವಿಜಯನಗರ 31ನೇದು, ಅದು ಇಲ್ಲದ ನಕಾಶೆ ಇನ್ನೂ ಎಷ್ಟೋ ಕಡೆ ಸಿಗ್ತಾವ.

ಗುಂಡಿ ಇದ್ದೂ ಬಿಟ್ಟು ಬರಲತ್ತದ ಅಂದ್ರ ಗುಂಡಿಯ ಕುತ್ತಿಗಿ ನೋಡ್ರಿ. ತಲಿಗಿಂತ ಕುತ್ತಿಗಿ ಸಣ್ಣ ಇರಬೇಕು, ಎರಡೂ ಒಂದೇ ಅಗಲ ಇದ್ರ ಅದು ಬರೇ ಬೆರಳು, ಎಳೆದ್ರ ಬರ್ತದ. ಹಂಗಂತ ಕುತ್ತಿಗಿ ಭಾಳ ಸಣ್ಣ ಮಾಡಿದ್ರ ಮುರೀತದ, 6 ಎಂಎಂ ಪ್ಲೈದಾಗ ನಾ 4 ಎಂಎಂಕಿಂತ ಸಣ್ಣ ಕುತ್ತಿಗಿ ಮಾಡಂಗಿಲ್ಲ.

ಇದರ ಉಲ್ಟಾ ದೋಷ ಒಂದದ, ತುಣುಕು ತಪ್ಪು ಜಾಗದಾಗೂ ಕೂಡ್ತದ. ಬೀದರಿನ ಮಹಮೂದ್ ಗಾವಾನ್ ಮದರಸಾ ಫೋಟೋ ಪಜಲ್ ಮಾಡೋರಿಗಿ ಇದು ಗ್ಯಾರಂಟಿ ಬರ್ತದ. 1472ರ ಆ ಕಟ್ಟಡದಾಗ ಈಗ ನಿಂತಿರೋದು ಒಂದೇ ಮಿನಾರ್, ಅದರ ಬಾಜೂಕ ಮ್ಯಾಲಿನ ತನಕ ಬರೇ ನೀಲಿ ಆಕಾಶ. ಎಲ್ಲಾ ಗುಂಡಿ ಒಂದೇ ಅಳತಿ ಕೊಯ್ದ್ರ ಆಕಾಶದ ತುಣುಕು ಎಲ್ಲಿ ಬೇಕಾದಲ್ಲಿ ಕೂಡ್ತಾವ, ಕಡೀಗಿ ಒಂದು ತುಣುಕು ಉಳಿದು ಜಾಗಾ ಸಿಗಂಗಿಲ್ಲ. ಒಂದೇ ಬಣ್ಣ ಇದ್ದಲ್ಲಿ ಗುಂಡಿ ಒಂದು ವಾರೆ, ಒಂದು ದೊಡ್ಡ, ಒಂದು ಮೂಲಿಗಿ ಸರಿಸಿ ಹಾಕ್ರಿ.

ಅಂಚು ಸುಟ್ಟದ

ಸುಟ್ಟ ವಾಸನಿ ಬಂದ್ರ ಬ್ಲೇಡ್ ಮೊಂಡಾಗ್ಯದ ಅಂತನೇ ಮೊದಲ ತಿಳೀರಿ. ಪ್ಲೈದಾಗ ಇರೋ ಗೋಂದು ಬ್ಲೇಡಿಗಿ ಭಾಳ ಕೆಟ್ಟದ್ದು, ಸಣ್ಣ ಬ್ಲೇಡ್ ಅರ್ಧ ತಾಸಿನ ಆಸುಪಾಸು ಛಲೋ ಕೊಯ್ತದ, ಆಮ್ಯಾಲ ಕೊಯ್ಯಂಗಿಲ್ಲ, ತಿಕ್ಕತದ. ಮಂದಿ ಮುರಿಯೋ ತನಕ ಬ್ಲೇಡ್ ಓಡಸ್ತಾರ, ಇದು ಉಳಿತಾಯ ಅಲ್ಲ, ಒಂದು ಬ್ಲೇಡಿನ ಸಲುವಾಗಿ ಇಡೀ ಪಜಲ್ ಕಳ್ಕೊಂಡಂಗ. ಬ್ಲೇಡ್ ಹೊಸಾದಿದ್ದೂ ಸುಟ್ರ ಸುಟ್ಟ ಜಾಗಾ ನೋಡ್ರಿ. ತಿರುವಿನ್ಯಾಗ ಮಾತ್ರ ಸುಟ್ರ ಅಲ್ಲಿ ನಿಂತು ನಿಂತು ಕೊಯ್ಯಲತ್ತೀರಿ, ಸ್ಪೀಡ್ ಜರಾ ಇಳಿಸಿ ಕೈ ನಿಲ್ಲಸದೇ ತಿರುವ್ರಿ. ಎಲ್ಲಾ ಕಡೆ ಒಂದೇ ಸಮ ಸುಟ್ರ ಕಟಗಿ ದಪ್ಪಕ್ಕ ಹಲ್ಲು ಭಾಳ ಸಣ್ಣ ಆಗ್ಯಾವ, ಹೊಟ್ಟು ಹೊರಗ ಬರಲಾರದೇ ಅಲ್ಲೇ ಕುದೀಲತ್ತದ, ಹಲ್ಲು ಬಿಟ್ಟು ಬಿಟ್ಟು ಇರೋ ಸ್ಕಿಪ್ ಟೂತ್ ಬ್ಲೇಡ್ ಹಾಕ್ರಿ. ಪೆಟ್ಟಿಗಿಗಿ ಹಚ್ಚೋ ಪ್ಯಾಕಿಂಗ್ ಟೇಪ್ ಕಟಗಿ ಮ್ಯಾಲ ಅಂಟಿಸಿ ಕೊಯ್ದ್ರ ಸುಡೋದು ಕಮ್ಮಿ ಆಗ್ತದ. ಫೋಟೋ ಇದ್ರ ಟೇಪ್ ಸೀದಾ ಫೋಟೋ ಮ್ಯಾಲ ಹಚ್ಚಬ್ಯಾಡ್ರಿ, ತಗಿಯುವಾಗ ಬಣ್ಣ ಕಿತ್ಕೊಂಡು ಬರ್ತದ, ಹಿಂದಿನ ಮೈಗಿ ಹಚ್ರಿ.

ಬೆನ್ನಿಗಿ ಸಿಬರು

ಕೆಳಗಿನ ಮೈಗಿ ಸಿಬರು ಏಳೋದು ಸಹಜ, ಹಲ್ಲು ಕೆಳಗ ನೋಡ್ತಾವ, ಕೆಳಗ ಹೋಗುವಾಗ ಕಟಗಿ ಹರ್ಕೊಂಡು ಹೋಗ್ತಾವ. ರಿವರ್ಸ್ ಟೂತ್ ಬ್ಲೇಡ್ ಹಾಕಿದ್ರ ಅದರ ಕೆಳಗಿನ ಒಂದಿಷ್ಟು ಹಲ್ಲು ಮ್ಯಾಲ ನೋಡ್ತಾವ, ಅವು ಬರುವಾಗ ಸಿಬರು ಕತ್ತರಿಸ್ಕೊಂಡು ಬರ್ತಾವ. ಇಲ್ಲಿ ಮಂದಿ ಮರಿಯೋದು ಒಂದದ. ಪ್ಲಗ್ ತಗದು ಕೈಯಿಂದ ಮಷೀನ್ ತಿರುವಿ ಬ್ಲೇಡ್ ಎಲ್ಲಕ್ಕೂ ಮ್ಯಾಲ ಬಂದಾಗ ನೋಡ್ರಿ, ಎರಡು ಮೂರು ಉಲ್ಟಾ ಹಲ್ಲು ಟೇಬಲ್ ಮ್ಯಾಲ ಕಾಣಬೇಕು. ಕಾಣದಿದ್ರ ಅವು ಕಟಗಿಗಿ ಮುಟ್ಟೋದೇ ಇಲ್ಲ, ರೊಕ್ಕ ಕೊಟ್ಟು ತಂದದ್ದು ದಂಡ.

ಟೇಬಲ್ ನಡುವಿನ ತೂತು ದೊಡ್ಡದಿದ್ರೂ ಸಿಬರು ಏಳ್ತದ. 3 ಎಂಎಂ ಹಲಗಿ ಇಲ್ಲಾ ಹಳೇ ಎಟಿಎಂ ಕಾರ್ಡಿಗಿ ಬ್ಲೇಡಷ್ಟೇ ತೂತು ಹಾಕಿ ಡಬಲ್ ಟೇಪಿಂದ ಟೇಬಲಿಗಿ ಅಂಟಿಸಿದ್ರ ತೂತು ಮುಚ್ತದ, ಸಣ್ಣ ತುಣುಕು ಕೆಳಗ ಬಿದ್ದು ಕಳಿಯೋದೂ ತಪ್ತದ.

ಸಿಬರು ಕೆಳಗಲ್ಲ, ಮ್ಯಾಲ ಎದ್ದದ, ಪ್ಲೈ ಪಟಪಟ ಹಾರಲತ್ತದ, ಹೊಟ್ಟು ಎಲ್ಲಾ ಮ್ಯಾಲೇ ಬರಲತ್ತದ ಅಂದ್ರ ಬ್ಲೇಡ್ ತಲಿಕೆಳಗ ಕುಂತದ. ಪ್ಲಗ್ ತಗದು ಬ್ಲೇಡ್ ಮ್ಯಾಲ ಬೆರಳು ಕೆಳಗಿಂದ ಮ್ಯಾಲಕ್ಕ ಮೆಲ್ಲಕ ಸವರ್ರಿ. ಚುಚ್ಚಿ ತಡದ್ರ ಸರಿ ಅದ, ಸಲೀಸ ಜಾರಿದ್ರ ಉಲ್ಟಾ ಅದ.

ಗೆರಿ ಬಿಟ್ಟು ಒಂದೇ ಕಡೆ ಎಳೀತದ

ಇದು ದೋಷ ಅಲ್ಲ. ಬ್ಲೇಡ್ ತಯಾರು ಮಾಡುವಾಗ ಹಲ್ಲಿನ ಒಂದು ಮಗ್ಗಲಿಗಿ ಸಣ್ಣ ಬರ್ (ಲೋಹದ ಮುಳ್ಳಂಚು) ಉಳೀತದ, ಆ ಕಡೆ ಜಾಸ್ತಿ ಕೊಯ್ತದ. ಕಟಗಿ 3-5 ಡಿಗ್ರಿ ವಾರೆ ಹಿಡಿದು ತಳ್ಳಿದ್ರ ಗೆರಿ ಮ್ಯಾಲೇ ಹೋಗ್ತದ, ದಿನಾ ಮಾಡೋರಿಗಿ ಕೈಗಿ ತಂತಾನೇ ರೂಢಿ ಆಗ್ತದ. ಇದಕ್ಕಂತ ತೋಳು, ಕ್ಲ್ಯಾಂಪ್ ಬಿಚ್ಚಬ್ಯಾಡ್ರಿ. ನಿನ್ನೆ ತನಕ ಬಲಕ್ಕ ಎಳೀತಿತ್ತು, ಇವತ್ತು ಒಮ್ಮಿಂದೊಮ್ಮೆ ಎಡಕ್ಕ ಎಳೀಲತ್ತದ ಅಂದ್ರ ಮಾತ್ರ ಬ್ಲೇಡ್ ಬದಲಿಸಿ ನೋಡ್ರಿ.

ಪ್ಲೈ ಮತ್ತ ಫೋಟೋ

ಗುಂಡಿ ಕುತ್ತಿಗಿಯಾಗೇ ಮುರದದ, ಒಳಗ ನೋಡಿದ್ರ ಪೊಳ್ಳು. ಇದು ಮಷೀನಿಂದಲ್ಲ, ಪ್ಲೈದು. ಅಗ್ಗದ ಕಮರ್ಷಿಯಲ್ ಪ್ಲೈದಾಗ ನಡುವಿನ ಪದರಿನ್ಯಾಗ ಸಂದಿ ಬಿಟ್ಟಿರ್ತಾರ, ಬಾಗಿಲ ಮಾಡೋರಿಗಿ ಅದು ನಡೀತದ, 4 ಎಂಎಂ ಕುತ್ತಿಗಿ ಮ್ಯಾಲ ನಿಲ್ಲೋ ಪಜಲಿಗಿ ನಡ್ಯಂಗಿಲ್ಲ. ಅಂಗಡಿಯಾಗ ಶೀಟಿನ ನಾಲ್ಕೂ ಅಂಚು ನೋಡ್ರಿ, ಕರೀ ತೂತು ಕಂಡ್ರ ಬಿಡ್ರಿ. ಬೆರಳ ಗೆಣ್ಣಿಂದ ಬಡೀತ ಹೋಗ್ರಿ, ದನಿ ಒಂದು ಕಡೆ ಬದಲಾದ್ರ ಅಲ್ಲಿ ಪೊಳ್ಳು ಅದ. ಐಎಸ್ 303 ಅಂದ್ರ ಸಾಮಾನ್ಯ ಕೆಲಸದ ಪ್ಲೈ, ಐಎಸ್ 710 ಅಂದ್ರ ನೀರು ತಡಿಯೋ ಮರೀನ್ ಪ್ಲೈ. ಮರೀನ್ ಗಟ್ಟಿ ಖರೆ, ಅದರ ಗೋಂದೂ ಗಟ್ಟಿ, ಬ್ಲೇಡ್ ಲಗೂನ ಮೊಂಡಾಗ್ತದ. ಬರ್ಚ್ ಪ್ಲೈ ಸಿಕ್ರ ಅದೇ ಎಲ್ಲಕ್ಕೂ ಛಲೋ, ತೆಳು ತೆಳು ಪದರು ಜಾಸ್ತಿ, ಪೊಳ್ಳು ಕಮ್ಮಿ. ಎಂಡಿಎಫ್ (ಕಟಗಿ ಪುಡಿ ಗೋಂದು ಸೇರಿಸಿ ಒತ್ತಿದ ಹಲಗಿ) ಕೈ ಕೂಡೋ ತನಕ ಕೊಯ್ಲಿಕ್ಕ ನಡೀತದ, ಆದ್ರ ಕುತ್ತಿಗಿ ಗಟ್ಟಿ ಇರಂಗಿಲ್ಲ, ಮಳಿಗಾಲದಾಗ ಉಬ್ತದ. ಎಂಡಿಎಫ್ ಇರ್ಲಿ ಪ್ಲೈ ಇರ್ಲಿ, ಧೂಳಿನ್ಯಾಗ ಗೋಂದಿನ ಪುಡಿ ಇರ್ತದ, ಮಾಸ್ಕ್ ಇಲ್ಲದೇ ಕುಂದ್ರಬ್ಯಾಡ್ರಿ.

ಫೋಟೋ ಅಂಟಿಸಿದ ಪ್ಲೈ ಬಿಲ್ಲಿನಂಗ ಬಾಗ್ಯದ ಅಂದ್ರ ಒಂದೇ ಮೈಗಿ ಕಾಗದ ಹಚ್ಚೀರಿ. ಕಾಗದ ಹಸಿ ಇದ್ದಾಗ ಹಿಗ್ತದ, ಆರಿದಾಗ ಕುಗ್ಗತದ, ಪ್ಲೈ ಎಳ್ಕೊಂಡು ಬರ್ತದ. ಹಿಂದಿನ ಮೈಗೂ ಅಷ್ಟೇ ದಪ್ಪದ ಬಿಳೇ ಹಾಳಿ ಹಚ್ಚಿದ್ರ ಎಳೆತ ಎರಡೂ ಕಡೆ ಸಮ ಆಗ್ತದ. ಕೊಯ್ಯುವಾಗ ಫೋಟೋದ ಅಂಚು ಏಳಲತ್ತದ ಅಂದ್ರ ಫೆವಿಕಾಲ್ ಪೂರಾ ಆರಿಲ್ಲ, ಇಲ್ಲಾ ಅಲ್ಲಲ್ಲಿ ಹತ್ತಿಲ್ಲ. ಮಳಿಗಾಲದಾಗ ರಾತ್ರಿ ಅಂಟಿಸಿ ಮುಂಜಾನಿ ಕೊಯ್ಯೋ ಅವಸರ ಬ್ಯಾಡ, ಇನ್ನೊಂದು ದಿನ ಭಾರ ಇಟ್ಟು ಬಿಡ್ರಿ. ಏಪ್ರಿಲ್, ಮೇದಾಗ ನಮ್ಮ ಕಡೆ ಬಿಸಿಲು 40 ಡಿಗ್ರಿ ದಾಟಿದಾಗ ಇದರ ಉಲ್ಟಾ, ಹಚ್ಚಿ ಹಾಳಿ ಇಡೋದ್ರಾಗೇ ಗೋಂದು ಆರಿರ್ತದ, ಗುಳ್ಳಿ ಉಳೀತಾವ. ಮುಂಜಾನಿ ತಂಪಿನ್ಯಾಗ ಅಂಟಿಸ್ರಿ.

ಮಷೀನ್ ಕುಣೀಲತ್ತದ

ಕೊಯ್ದ ಅಂಚಿಗಿ ಸಣ್ಣ ಸಣ್ಣ ಅಲಿ ಬಿದ್ದಾವ, ಮುಟ್ಟಿದ್ರ ಗರಗರ ಅಂತದ, ಅಂದ್ರ ಮಷೀನ್ ಅಲ್ಲಾಡಲತ್ತದ. ನಮ್ಮ ಮನಿಗಳ ಫರಸಿ ನೆಲ ಎಲ್ಲಾ ಕಡೆ ಒಂದೇ ಸಮ ಇರಂಗಿಲ್ಲ, ಮೇಜಿನ ಒಂದು ಕಾಲು ನೆಲಕ್ಕ ಮುಟ್ಟಿರಂಗಿಲ್ಲ. ಆ ಕಾಲಿಗಿ ಚಕ್ಕಿ ಕೊಡ್ರಿ. ಮಷೀನ್ ಹಗುರ ಇದ್ರ ಮೇಜಿನ ಮ್ಯಾಲ ರಬ್ಬರ್ ಮ್ಯಾಟ್, ಅದರ ಮ್ಯಾಲ ಒಂದು ದಪ್ಪ ಶಹಾಬಾದ್ ಕಲ್ಲು ಹಾಸಿ, ಕಲ್ಲಿಗಿ ತೂತು ಹಾಕಿಸಿ ಬೋಲ್ಟ್ ಹಾಕ್ರಿ. ಕಲ್ಲು ನಮ್ಮಲ್ಲೇ ಸಿಗ್ತದ, ಅದರ ತೂಕ ಅರ್ಧ ಕುಣಿತ ನುಂಗ್ತದ. ಮಷೀನ್ ಗಟ್ಟಿ ಕುಂತದ, ಪ್ಲೈ ಮಾತ್ರ ಕುಣೀಲತ್ತದ ಅಂದ್ರ ಪ್ಲೈ ಬಾಗಿ ಟೇಬಲಿಗಿ ಪೂರಾ ಹತ್ತಿಲ್ಲ, ಇಲ್ಲಾ ನಿಮ್ಮ ಬೆರಳು ಬ್ಲೇಡಿನಿಂದ ಭಾಳ ದೂರ ಅವ.

ನಡುವ ಟಕ್ ಟಕ್ ಅಂತ ಹೊಸ ಸಪ್ಪಳ ಶುರು ಆದ್ರ ನಿಲ್ಲಿಸ್ರಿ. ಬ್ಲೇಡ್ ಬಿರುಕು ಬಿಟ್ಟದ, ಇನ್ನೇನು ಮುರೀತದ.

ಸಂಜೀಮುಂದ ಮಾತ್ರ ಕೊಯ್ಯವಲ್ದು

ಮುಂಜಾನಿ ಛಲೋ ಕೊಯ್ತದ, ಸಂಜೀಗಿ ಅದೇ ಬ್ಲೇಡು ಅದೇ ಪ್ಲೈ, ಆದ್ರ ಮಷೀನ್ ಉಸಿರು ಕಟ್ಟಿದಂಗ ನಡೀತದ. ಬ್ಯಾಸಿಗ್ಯಾಗ ಎಲ್ಲರ ಮನಿ ಕೂಲರ್ ಹತ್ತಿದ ಹೊತ್ತಿನ್ಯಾಗ ಇದು ಜಾಸ್ತಿ. ಪ್ಲಗ್ಗಿಗಿ ಹಚ್ಚೋ ವೋಲ್ಟ್ ಮೀಟರ್ ಹಾಕಿ ನೋಡ್ರಿ, 230 ಇರಬೇಕಾದಲ್ಲಿ 190ಕ್ಕ ಬಂದ್ರ ಮಷೀನಿಗಿ ಬೈದು ಉಪಯೋಗ ಇಲ್ಲ. ಸ್ಪೀಡ್ ಕಮ್ಮಿ ಆದಾಗ ನಾವು ಗೊತ್ತಿಲ್ಲದೇ ಜೋರ್ ದಬ್ತೀವಿ, ಬ್ಲೇಡ್ ಬಾಗ್ತದ, ಅಂಚು ಹೊಟ್ಟಿ ಬರ್ತದ, ನೋಡೋರಿಗಿ ಅದು ಟೆನ್ಷನ್ ದೋಷ ಕಂಡಂಗ ಕಾಣ್ತದ. ಅದಕ್ಕ ಟೆನ್ಷನ್ ತಿರುವೋಕಿಂತ ಮೊದಲ ಯಾವ ಹೊತ್ತಿನ್ಯಾಗ ಆಗಲತ್ತದ ಅಂತ ನೋಡ್ರಿ. ಉದ್ದ ತೆಳು ಎಕ್ಸ್‌ಟೆನ್ಷನ್ ವೈರ್ ಇದ್ರ ಅದನ್ನ ತಗದು ಸೀದಾ ಗೋಡಿ ಪ್ಲಗ್ಗಿಗಿ ಹಚ್ಚಿ ನೋಡ್ರಿ, ಎಷ್ಟೋ ಸಲ ಅಲ್ಲಿಗೇ ಮುಗೀತದ.

ವೋಲ್ಟೇಜ್ ಸರಿ ಇದ್ದೂ ಸ್ಪೀಡ್ ಏರ್ತದ ಇಳೀತದ, ಮೋಟಾರ್ ಕಿಂಡಿಯಾಗ ಕಿಡಿ ಜಾಸ್ತಿ ಕಾಣ್ತದ ಅಂದ್ರ ಕಾರ್ಬನ್ ಬ್ರಶ್ (ಮೋಟಾರಿನ ತಿರುಗೋ ಭಾಗಕ್ಕ ಕರೆಂಟ್ ಮುಟ್ಟಿಸೋ ಕರೀ ತುಂಡು) ಸವದಾವ. ಬ್ರಶ್ ಇರೋ ಮೋಟಾರಿನ ಎರಡೂ ಮಗ್ಗಲಿಗಿ ಅಗಲ ಮುಚ್ಚಳದ ಸ್ಕ್ರೂ ಇರ್ತದ, ಪ್ಲಗ್ ತಗದು ಅದನ್ನ ಬಿಚ್ಚಿದ್ರ ಸ್ಪ್ರಿಂಗ್ ಜೋಡಿ ಬ್ರಶ್ ಹೊರಗ ಬರ್ತದ. ಉದ್ದ 5-6 ಎಂಎಂಗಿ ಬಂದಿದ್ರ, ಇಲ್ಲಾ ತುದಿ ಒಂದು ಕಡೆ ಒಡದಿದ್ರ ಎರಡೂ ಒಮ್ಮಿಗೇ ಬದಲಿಸ್ರಿ, ಒಂದೇ ಬದಲಿಸಬ್ಯಾಡ್ರಿ. ಹಳೇ ಬ್ರಶ್ ಅಂಗಡಿಗಿ ಒಯ್ದು ಅಗಲ, ದಪ್ಪ ಎರಡೂ ಜೋಡಿಸಿ ನೋಡಿ ತಗೋರಿ. ದೊಡ್ಡದು ಸಿಕ್ರ ಪಾಲಿಶ್ ಪೇಪರ್ ಮ್ಯಾಲ ತಿಕ್ಕಿ ಅಳತಿಗಿ ತರಬಹುದು, ಸಣ್ಣದು ಸಿಕ್ರ ಒಳಗ ಆಡ್ತದ, ಅದು ಬ್ಯಾಡ. ಹೊಸ ಬ್ರಶ್ ಹಾಕಿ ಪ್ಲೈ ಇಡದೇ ಹತ್ತು ನಿಮಿಷ ಕಮ್ಮಿ ಸ್ಪೀಡಿನ್ಯಾಗ ಖಾಲಿ ಓಡಸ್ರಿ, ಕಿಡಿ ಕಮ್ಮಿ ಆದ ಮ್ಯಾಲ ಕೊಯ್ಲಿಕ್ಕ ಶುರು ಮಾಡ್ರಿ.